ಬೋಟಿನ ಎಸಿಗೆ ಸೋಲಾರ್ ಸಾಕಾಗುತ್ತದೆಯೇ?

ಪ್ರಶ್ನೆ: ನಮ್ಮ ಬೋಟಿನ ಕ್ಯಾಬಿನ್‌ನಲ್ಲಿ ಒಂದು ಟನ್ನಿನ ಎಸಿ ಇದೆ. ರಾತ್ರಿಯಿಡೀ ಜನರೇಟರ್ ಓಡಿಸುವ ಬದಲು ಸೋಲಾರ್ ಹಾಕಿಸಬಹುದೇ?

ಉತ್ತರ: ಖಂಡಿತ ಹಾಕಿಸಬಹುದು, ಆದರೆ ಮೊದಲು ಎಸಿಯ ಲೆಕ್ಕ ಹಾಕಿ. ಇನ್ವರ್ಟರ್ ಎಸಿ (ಕಂಪ್ರೆಸರಿನ ವೇಗವನ್ನು ತಾನೇ ಹೆಚ್ಚು-ಕಡಿಮೆ ಮಾಡಿಕೊಳ್ಳುವಂಥದ್ದು) ಸರಾಸರಿ 700 ವ್ಯಾಟ್ ಎಳೆದರೆ 8 ಗಂಟೆಗೆ 5.6 ಯೂನಿಟ್, ಬ್ಯಾಟರಿಯ ಕರೆಂಟನ್ನು ಮನೆಬಳಕೆಯಂಥ ಕರೆಂಟಾಗಿ ಬದಲಿಸುವ ಇನ್ವರ್ಟರಿನ ನಷ್ಟ ಸೇರಿ ಆರೂವರೆ ಎಂದಿಟ್ಟುಕೊಳ್ಳಿ. ಸಮುದ್ರದ ನೀರಿನಿಂದ ತಂಪಾಗುವ ಎಸಿಯಾದರೆ ಪಂಪಿನ ಖರ್ಚು ಬೇರೆ. ಇದಕ್ಕೆ 48 ವೋಲ್ಟ್, 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬೇಕು. ಅದನ್ನು ದಿನವೂ ತುಂಬಲು ಒಳ್ಳೆಯ ಬಿಸಿಲಿನಲ್ಲೂ 400 ವ್ಯಾಟಿನ ಐದು ಪ್ಯಾನೆಲ್, ಅಂದರೆ ಸುಮಾರು 10 ಚದರ ಮೀಟರ್ ಚಾವಣಿ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಈ ಯೋಚನೆ ಬಿಡುವುದೇ ಮೇಲು.

ಹೆಚ್ಚಿನವರು ಎಡವುವುದು ನೆರಳಿನಲ್ಲಿ. ಕೂವೆಮರದ (ಬೋಟಿನ ಹಾಯಿಕಂಬದ) ತೆಳು ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸರಣಿಯಲ್ಲಿ ಜೋಡಿಸಿದ ಎಲ್ಲದರ ಉತ್ಪಾದನೆ ಕುಸಿಯಬಹುದು. ನೆರಳು ಬೀಳುವ ಪ್ಯಾನೆಲ್‌ಗೆ ಪ್ರತ್ಯೇಕ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಗರಿಷ್ಠ ವಿದ್ಯುತ್ ಪಡೆದು ಬ್ಯಾಟರಿಗೆ ತುಂಬುವ ಸಾಧನ) ಕೊಡಿ.

ಹಳೆಯ, ಒಂದೇ ವೇಗದ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆದು ಇನ್ವರ್ಟರನ್ನೇ ಟ್ರಿಪ್ ಮಾಡುತ್ತದೆ; ಈ ಆರಂಭದ ಕರೆಂಟನ್ನು ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಹಾಕಿಸಿ. ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಕ್ಲಾಸ್-ಟಿ ಫ್ಯೂಸ್ (ಶಾರ್ಟ್ ಸರ್ಕ್ಯೂಟ್ ಆದರೆ ಭಾರಿ ಕರೆಂಟನ್ನು ತಕ್ಷಣ ಕಡಿಯುವಂಥದ್ದು) ಇರಲಿ, ತಂತಿ ತವರ ಲೇಪಿತ ತಾಮ್ರದ್ದಾಗಿರಲಿ. ಸತತ ಮೋಡದ ದಿನಗಳಿಗಾಗಿ ಜನರೇಟರನ್ನು ಮೊದಲ ವರ್ಷ ಮಾರಬೇಡಿ.