ನೀರಿನ ಬಟ್ಟಲು ಎತ್ತಿಡಬೇಡಿ

ಹಾಸನದ ಓದುಗರೊಬ್ಬರ ಪತ್ರ: ‘ನಮ್ಮ ಗಂಡು ಲ್ಯಾಬ್ರಡಾರ್‌ಗೆ 9 ವರ್ಷ, 30 ಕೆ.ಜಿ. ತೂಕ. ಮೂರು ತಿಂಗಳಿಂದ ವಿಪರೀತ ನೀರು ಕುಡಿಯುತ್ತದೆ, ರಾತ್ರಿ ಮನೆಯೊಳಗೇ ಉಚ್ಚೆ ಮಾಡುತ್ತದೆ, ಸೊರಗುತ್ತಿದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.4 ಬಂತು, ಕಿಡ್ನಿ ಹೋಗಿದೆ ಅಂದರು. ಸಂಜೆಯ ಮೇಲೆ ನೀರು ತಪ್ಪಿಸಬಹುದೇ? ಮೊಟ್ಟೆ, ಮಾಂಸ ಬಿಡಿಸಿ ರಾಗಿ ಅಂಬಲಿ ಹಾಕಿದರೆ ಸಾಕೇ?’

ನೀರು ಮಾತ್ರ ಒಂದು ರಾತ್ರಿಯೂ ತಪ್ಪಿಸಬೇಡಿ. ಸೋತ ಕಿಡ್ನಿಗೆ ಮೂತ್ರ ಗಟ್ಟಿ ಮಾಡುವ ಶಕ್ತಿ ಇರುವುದಿಲ್ಲ, ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಹೋದದ್ದನ್ನು ತುಂಬಿಕೊಳ್ಳಲೆಂದೇ ನಾಯಿ ಅಷ್ಟು ಕುಡಿಯುವುದು. ಬಟ್ಟಲು ಎತ್ತಿಟ್ಟರೆ ಉಚ್ಚೆ ನಿಲ್ಲುವುದಿಲ್ಲ. ಮೈಯ ನೀರು ಇಂಗಿ, ಕಿಡ್ನಿಗೆ ರಕ್ತ ಸಾಲದೆ, ಉಳಿದ ಭಾಗವೂ ಕೆಡುತ್ತದೆ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಹೊರಗೆ ಕರೆದೊಯ್ಯಿರಿ.

ಎಷ್ಟು ಕುಡಿಯುತ್ತದೆಂದು ಅಳೆಯಿರಿ. ಬೆಳಿಗ್ಗೆ ಲೀಟರ್ ಲೆಕ್ಕದಲ್ಲಿ ತುಂಬಿಸಿ, ಮಧ್ಯೆ ಹಾಕಿದ್ದನ್ನೂ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಕೆ.ಜಿ.ಗೆ 100 ಮಿ.ಲೀ. ದಾಟಿದರೆ, ಅಂದರೆ ನಿಮ್ಮ ನಾಯಿಗೆ ದಿನಕ್ಕೆ 3 ಲೀಟರ್, ಅದು ಖಂಡಿತ ಅತಿಯಾಯಿತು. ಆದರೆ ಸಕ್ಕರೆ ಕಾಯಿಲೆಯಲ್ಲೂ, ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಕುಶಿಂಗ್ಸ್ ಕಾಯಿಲೆಯಲ್ಲೂ ಹೀಗೇ ಆಗುತ್ತದೆ.

ಪತ್ರದಲ್ಲಿ ನಮಗೆ ಕೊರತೆ ಕಂಡದ್ದು ಮೂತ್ರಪರೀಕ್ಷೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಲ್ಮಶ; ಅದೊಂದೇ ಸಂಖ್ಯೆಯಿಂದ ತೀರ್ಮಾನಕ್ಕೆ ಬರಲಾಗದು. ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋಗುವವರೆಗೂ ಅದು ಏರದೇ ಇರಬಹುದು. ವಾಂತಿ, ಭೇದಿಯಿಂದ ಮೈ ಒಣಗಿದ್ದರೆ ಕಿಡ್ನಿ ಚೆನ್ನಾಗಿದ್ದೂ ಏರಬಹುದು. ಇವೆರಡನ್ನು ಬೇರ್ಪಡಿಸುವುದು ಮೂತ್ರದ ಸಾಂದ್ರತೆ (ನೀರಿನದು 1 ಎಂದು ಹಿಡಿದು ಅಳೆದದ್ದು). 1.030 ಮೀರಿದ್ದರೆ ಕಿಡ್ನಿ ಇನ್ನೂ ಕೆಲಸ ಮಾಡುತ್ತಿದೆ. 1.008ರಿಂದ 1.012ರ ನಡುವೆ ನಿಂತುಬಿಟ್ಟಿದ್ದರೆ ಅನುಮಾನ ಗಟ್ಟಿ. ಬೆಳಗಿನ ಮೊದಲ ಉಚ್ಚೆಯೇ ಬೇಕು: ನಾಯಿ ಕಾಲೆತ್ತಿ ಶುರುಮಾಡಿದ ಮೇಲೆ ತೊಳೆದು ಒಣಗಿಸಿದ ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಚಾಚಿ ನಡುಧಾರೆ ಹಿಡಿಯಿರಿ. ಕೂಡಲೇ ಲ್ಯಾಬಿಗೆ ಒಯ್ಯಲಾಗದಿದ್ದರೆ ಫ್ರಿಜ್ಜಿನಲ್ಲಿಡಿ.

ಮೈಯಲ್ಲಿ ನೀರು ಸರಿಯಿದ್ದಾಗ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಪರೀಕ್ಷಿಸಿದಾಗಲೂ 2.4ರ ಆಸುಪಾಸೇ ಬಂದರೆ, ಐರಿಸ್ (ಪ್ರಾಣಿಗಳ ಕಿಡ್ನಿ ರೋಗ ತಜ್ಞರ ಅಂತರರಾಷ್ಟ್ರೀಯ ಸಂಘ) ವರ್ಗೀಕರಣದ ಪ್ರಕಾರ ಎರಡನೇ ಹಂತ (1.4ರಿಂದ 2.8). ನಾಲ್ಕನೆಯದು 5 ಮೀರಿದಾಗ. ಎರಡನೇ ಹಂತದಲ್ಲಿ ಮಾಡಬಹುದಾದದ್ದು ಬಹಳವಿದೆ, ಧೈರ್ಯಗೆಡಬೇಡಿ. ಜೊತೆಗೆ ರಕ್ತದೊತ್ತಡ, ಯುಪಿಸಿ ಅಂದರೆ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ ನೋಡಿಸಿ. ಯುಪಿಸಿ ಮತ್ತೆ ಮತ್ತೆ 0.5 ಮೀರಿದರೆ ಉಣ್ಣಿಜ್ವರದ (ಮೈಗೆ ಕಚ್ಚುವ ಉಣ್ಣಿಯಿಂದ ಬರುವ ಜ್ವರ) ಪರೀಕ್ಷೆಯೂ ಆಗಲಿ. ನಮ್ಮ ಕಡೆ ನಾಯಿಗಳಲ್ಲಿ ಅದು ಸಾಮಾನ್ಯ, ಕಿಡ್ನಿಯ ಸೋಸುವ ಭಾಗವನ್ನೇ ಕೆಡಿಸುತ್ತದೆ.

ಇನ್ನು ಊಟ. ಇಲ್ಲಿ ಮುಖ್ಯ ಶತ್ರು ರಂಜಕ (ಫಾಸ್ಫರಸ್). ಎರಡನೇ ಹಂತದಲ್ಲಿ ರಕ್ತದ ರಂಜಕ 4.6ರೊಳಗೆ ಇರಬೇಕು. ಹಾಗಾಗಿ ಮೂಳೆ, ಮೂಳೆ ಸೂಪು, ಲಿವರ್, ಹಾಲು ಮೊದಲು ನಿಲ್ಲಿಸಿ. ರಾಗಿಯಲ್ಲಿ ಬಿಳಿ ಅನ್ನಕ್ಕಿಂತ ರಂಜಕ ಹೆಚ್ಚು. ಬರೀ ಅಂಬಲಿ ಕುಡಿಸಿದರೆ ಪ್ರೋಟೀನ್ ಸಾಲದೆ ಬೆನ್ನು, ತೊಡೆಯ ಸ್ನಾಯುಗಳೂ ಕರಗುತ್ತವೆ. ಮೊಟ್ಟೆಯನ್ನು ಪೂರ್ತಿ ಬಿಡಬೇಕಿಲ್ಲ. ಬೇಯಿಸಿದ ಬಿಳಿಭಾಗದಲ್ಲಿ ಒಳ್ಳೆಯ ಪ್ರೋಟೀನ್ ಇದೆ, ರಂಜಕ ತೀರಾ ಕಡಿಮೆ; ರಂಜಕವೆಲ್ಲ ಹಳದಿಯಲ್ಲಿ. ಎಲ್ಲಕ್ಕಿಂತ ಅನುಕೂಲ ಕಿಡ್ನಿ ರೋಗಕ್ಕೆಂದೇ ತಯಾರಾದ ಆಹಾರ. ಒಂದೆರಡು ವಾರ ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ ರೂಢಿ ಮಾಡಿಸಿ. ವಾಕರಿಕೆ ಇರುವ ದಿನ ಶುರುಮಾಡಿದರೆ ನಾಯಿ ಆಮೇಲೆ ಅದನ್ನು ಮೂಸಿಯೂ ನೋಡುವುದಿಲ್ಲ. ಊಟ ಬದಲಿಸಿದ ಮೇಲೂ ರಂಜಕ ಇಳಿಯದಿದ್ದರೆ ವೈದ್ಯರು ಅದನ್ನು ಹಿಡಿದಿಡುವ ಔಷಧಿ ಬರೆಯುತ್ತಾರೆ. ಅದನ್ನು ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ವ್ಯರ್ಥ.

ಮನುಷ್ಯರ ನೋವಿನ ಮಾತ್ರೆ, ಐಬುಪ್ರೊಫೆನ್ ಆಗಲಿ ಡೈಕ್ಲೊಫೆನಾಕ್ ಆಗಲಿ, ಎಂದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿಯೂ ಬೇಡ.

ನಾಯಿ ಇದ್ದಕ್ಕಿದ್ದಂತೆ ಊಟ ಬಿಟ್ಟು ವಾಂತಿ ಮಾಡಿಕೊಂಡರೆ, ಉಚ್ಚೆ ಕಡಿಮೆಯಾದರೆ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಮಳೆಗಾಲದಲ್ಲಿ ಇಲಿಜ್ವರ, ತೋಟದಲ್ಲಿ ಕೊಳಕುಮಂಡಲದ ಕಡಿತ ಎರಡೂ ಕಿಡ್ನಿಯನ್ನು ದಿನಗಳಲ್ಲೇ ನಿಲ್ಲಿಸಬಲ್ಲವು. ಇಲಿಜ್ವರ ಮನುಷ್ಯರಿಗೂ ಅಂಟುತ್ತದೆ. ಅನುಮಾನವಿದ್ದರೆ ಉಚ್ಚೆ ಬಳಿಯುವಾಗ ಕೈಗವಸು ಹಾಕಿಕೊಳ್ಳಿ. ಇಂಥ ತುರ್ತು ಇಲ್ಲದಿದ್ದರೆ ವಾರಕ್ಕೊಮ್ಮೆ ತೂಕ ಬರೆದಿಟ್ಟು, ವೈದ್ಯರು ಹೇಳಿದ ಅವಧಿಗೆ ರಕ್ತ, ಮೂತ್ರ ಎರಡನ್ನೂ ಒಟ್ಟಿಗೇ ಪರೀಕ್ಷಿಸಿ. ರಕ್ತದೊತ್ತಡ, ಮೂತ್ರದ ಪ್ರೋಟೀನ್ ಇಳಿಸುವ ಬೆನಾಜೆಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಔಷಧಿ ಶುರುವಾದರೆ ಒಂದೆರಡು ವಾರದೊಳಗೇ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಿ.