ಕಾಸರಗೋಡಿನಲ್ಲಿ ಮೀನೂಟದ ಜೊತೆ ಬಿಯರ್ ಯಾಕೆ ಸಿಗುವುದಿಲ್ಲ?

ಕುಂಬಳೆಯ ಹೋಟೆಲಿನಲ್ಲಿ ಬಂಗುಡೆ ಫ್ರೈ ಬಂತು, ಕುಚ್ಚಲಕ್ಕಿ ಅನ್ನ ಬಂತು, ಬಿಯರ್ ಕೇಳಿದರೆ ಸಪ್ಲಾಯರ್ ಸುಮ್ನೆ ನಕ್ಕು ಒಳಗೆ ಹೋದ, ಯಾಕೆ ಅಂತ ಕೇಳಿ ಬರೆದಿದ್ದೀರಿ. ಕೇರಳದ ಗಡಿ ತಲಪಾಡಿ ದಾಟುವ ಮೊದಲು "ಬಾರ್ ಅಂಡ್ ರೆಸ್ಟೋರೆಂಟ್" ಬೋರ್ಡು ಎಷ್ಟೋ ನೋಡಿರುತ್ತೀರಿ. ಗಡಿ ದಾಟಿದ ಮೇಲೆ ಅಂಥದ್ದು ಕಾಣಲಿಲ್ಲ, ಅಲ್ವಾ? ಇಲ್ಲಿನ ಜನ ಕುಡಿಯುವುದಿಲ್ಲ ಅಂತ ತಿಳಿಯಬೇಡಿ ಮಾರಾಯ್ರೆ. ಚೆನ್ನಾಗಿಯೇ ಕುಡಿಯುತ್ತಾರೆ. ಲೈಸೆನ್ಸಿನ ದಾರಿಯೇ ಬೇರೆ.

ಕರ್ನಾಟಕದಲ್ಲಿ ಊಟದ ಹೋಟೆಲಿಗೇ ಬಾರ್ ಲೈಸೆನ್ಸ್ ಉಂಟು. ಅದಕ್ಕೆ ಸಿಎಲ್-9 ಅನ್ನುತ್ತಾರೆ. ಕೂತು ಕುಡಿಯಬಹುದು, ಊಟ ಮಾಡಬಹುದು, ಬಾಟಲಿ ಹೊರಗೆ ಒಯ್ಯುವ ಹಾಗಿಲ್ಲ. ವೈನ್ ಶಾಪಿನದ್ದು ಸಿಎಲ್-2. ಅಲ್ಲಿ ತಿರುವುಮುರುವು: ಕೊಂಡು ಹೋಗಬಹುದು, ಅಲ್ಲೇ ಕುಡಿಯುವ ಹಾಗಿಲ್ಲ. ಕಾಗದದಲ್ಲಿ ಹೀಗೆ. ಅಂಗಡಿಯ ಪಕ್ಕದ ಸಂದಿಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ನಿಂತವರನ್ನು ನೀವೂ ಕಂಡಿದ್ದೀರಿ.

ಕೇರಳದಲ್ಲಿ ಸಾಮಾನ್ಯ ಊಟದ ಹೋಟೆಲಿಗೆ ಬಾರ್ ಲೈಸೆನ್ಸ್ ಇಲ್ಲ. ಬಾರಿನ ಲೈಸೆನ್ಸ್ ಎಫ್‌ಎಲ್-3. ಅದು ಸಿಗಬೇಕಾದರೆ ನಿಮ್ಮದು ವಸತಿ ಹೋಟೆಲ್ ಆಗಿರಬೇಕು, ಅದಕ್ಕೆ ಕನಿಷ್ಠ ತ್ರೀ ಸ್ಟಾರ್ ಇರಬೇಕು. ಆ ಸ್ಟಾರ್ ಕೊಡುವುದು ತಿರುವನಂತಪುರದ ಅಬ್ಕಾರಿಯವರಲ್ಲ, ದೆಹಲಿಯ ಪ್ರವಾಸೋದ್ಯಮ ಮಂತ್ರಾಲಯದ ಸಮಿತಿ. ಅವರು ಬಂದು ಕೋಣೆ ಎಷ್ಟು, ಬಾತ್‌ರೂಮ್ ಹೇಗೆ, ಲಿಫ್ಟ್ ಉಂಟಾ ಅಂತ ನೋಡಬೇಕು. ಕನಿಷ್ಠ ಹತ್ತು ಬಾಡಿಗೆ ಕೋಣೆ ಇಲ್ಲದಿದ್ದರೆ ಅರ್ಜಿಗೇ ಅರ್ಥ ಇಲ್ಲ. ಕೊಟ್ಟ ಸ್ಟಾರ್ ಐದು ವರ್ಷಕ್ಕೆ. ಇಷ್ಟೆಲ್ಲ ಆದ ಮೇಲೆ ಲೈಸೆನ್ಸ್ ಫೀಸು. 2023-24ರ ಮದ್ಯನೀತಿಯಲ್ಲಿ ಅದನ್ನು 30 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು, ವರ್ಷಕ್ಕೆ. ಹತ್ತು ಮೇಜು ಹಾಕಿ ಬಂಗುಡೆ ಹುರಿಯುವವನು ಇದನ್ನು ಕನಸಿನಲ್ಲೂ ಯೋಚಿಸಲಾರ.

ಹಾಗಾಗಿ ಇಲ್ಲಿ ಒಳ್ಳೆ ಅಡಿಗೆ ಇದ್ದಲ್ಲಿ ಬಾರ್ ಇಲ್ಲ. ಬಾರ್ ಇದ್ದಲ್ಲಿ ಅಡಿಗೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಕರ್ನಾಟಕದವರು ಜಾಸ್ತಿ ನಗುವ ಹಾಗಿಲ್ಲ. ನಿಮ್ಮಲ್ಲೂ ಹೊಸ ಸಿಎಲ್-9 ಕೊಡುವುದನ್ನು ನಿಲ್ಲಿಸಿ ದಶಕಗಳೇ ಆದವು. ಇರುವ ಹಳೆಯ ಲೈಸೆನ್ಸೇ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗುತ್ತದೆ, ದೊಡ್ಡ ಬೆಲೆಗೆ. ಹೊಸದಾಗಿ ಬಾರ್ ಮಾಡಬೇಕು ಅನ್ನುವವನು ಸಿಎಲ್-7 ಹಿಡಿಯಬೇಕು. ಅದು ಲಾಡ್ಜಿನ ಲೈಸೆನ್ಸ್, ಅದಕ್ಕೂ ಕೋಣೆಗಳ ಲೆಕ್ಕ ಉಂಟು. ಸಣ್ಣ ಪೇಟೆಯಲ್ಲಿ ಯಾರೂ ಉಳಿದುಕೊಳ್ಳದ ಲಾಡ್ಜ್, ಕೆಳಗೆ ತುಂಬಿ ತುಳುಕುವ ಬಾರ್ ಕಂಡರೆ ಕಾರಣ ಇದೇ. ಅಂತೂ ಗಡಿಯ ಎರಡೂ ಕಡೆ ಒಂದು ಪೆಗ್ ಮಾರಬೇಕಾದರೆ ಮೊದಲು ಹಾಸಿಗೆ ಹಾಕಬೇಕು!

ಮೊದಲು ಹೀಗೆ ಎರಡು ಕಾನೂನು ಇರಲಿಲ್ಲ. ಕಾಸರಗೋಡು, ಮಂಗಳೂರು ಎರಡೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1948ರಲ್ಲಿ ಮದ್ರಾಸಿನ ಪಾನನಿಷೇಧ ಬಂದಾಗ ಇಬ್ಬರ ಗಂಟಲೂ ಒಟ್ಟಿಗೇ ಒಣಗಿತು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಹಾಕಿದರು. 1967ರಲ್ಲಿ ಮಹಾಜನ್ ವರದಿ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವುದನ್ನು ಕರ್ನಾಟಕಕ್ಕೆ ಕೊಡಿ ಅಂದಿತು. ಅದು ಕಪಾಟಿನಲ್ಲೇ ಉಳಿಯಿತು. ಈಗ ನಿಮ್ಮದು 1965ರ ಕರ್ನಾಟಕ ಅಬ್ಕಾರಿ ಕಾಯ್ದೆ. ನಮ್ಮದು ಕೊಚ್ಚಿ ಸಂಸ್ಥಾನದಿಂದ ಬಂದ ಅಬ್ಕಾರಿ ಕಾಯ್ದೆ, ಕೊಲ್ಲಂ ವರ್ಷ 1077ರದ್ದು, ಅಂದರೆ 1902. ಕೊಚ್ಚಿ ರಾಜನಿಗೂ ಮಂಜೇಶ್ವರಕ್ಕೂ ಎಂತ ಸಂಬಂಧ ಅಂತ ಕೇಳಬೇಡಿ.

ಈ ಸ್ಟಾರಿನ ಪಾಠ ನಮಗೆ ಸರಿಯಾಗಿ ಅರ್ಥ ಆದದ್ದು 2014ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಗುಣಮಟ್ಟ ಇಲ್ಲ ಅಂತ ಹೇಳಿ ರಾಜ್ಯದಲ್ಲಿ 418 ಬಾರುಗಳ ಲೈಸೆನ್ಸ್ ನವೀಕರಿಸಲಿಲ್ಲ. ಉಳಿದವರು ಖುಷಿಯಲ್ಲಿದ್ದರು. ಆಗಸ್ಟಿನಲ್ಲಿ ಉಮ್ಮನ್ ಚಾಂಡಿ ಸರ್ಕಾರ ಹೊಸ ನೀತಿ ತಂದಿತು: ಫೈವ್ ಸ್ಟಾರ್ ಬಿಟ್ಟು ಮತ್ಯಾವ ಬಾರೂ ಬೇಡ. ಬಾರಿನವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ಡಿಸೆಂಬರಿನಲ್ಲಿ ಕೋರ್ಟು ಸರ್ಕಾರದ ನೀತಿಯನ್ನೇ ಎತ್ತಿಹಿಡಿಯಿತು. ನಮ್ಮ ಜಿಲ್ಲೆಯಲ್ಲಿ ಫೈವ್ ಸ್ಟಾರ್ ಅಂದರೆ ಬೇಕಲದ ಕಡೆಯ ರೆಸಾರ್ಟುಗಳು ನೆನಪಾಗಬೇಕು. ಅಡಿಕೆ ತೋಟದಲ್ಲಿ ಕೆಲಸ ಮುಗಿಸಿದವನು ಅಲ್ಲಿಗೆ ಹೋಗಿ ಪೆಗ್ ಕೇಳುತ್ತಾನಾ?

ಮುಚ್ಚಿದ ಬಾರುಗಳಲ್ಲಿ ಅನೇಕ ಬಿಯರ್-ವೈನ್ ಪಾರ್ಲರ್ ಆಗಿ ಮತ್ತೆ ತೆರೆದುಕೊಂಡವು. ಹಾಟ್ (ವಿಸ್ಕಿ, ಬ್ರಾಂಡಿಯಂಥದ್ದು) ಇಲ್ಲ, ಬಿಯರ್ ಉಂಟು. ನಮ್ಮ ಕಡೆಯವರು ಬಿಯರಿಗಾಗಿ ಕಾಯಲಿಲ್ಲ. ಬೈಕ್ ಹತ್ತಿ ತಲಪಾಡಿಗೆ ಹೋದರು. ಪೆರ್ಲದವರು ಅಡ್ಯನಡ್ಕದ ಕಡೆಗೆ, ಮುಳ್ಳೇರಿಯದವರು ಜಾಲ್ಸೂರಿನ ಕಡೆಗೆ. ಪಾಲಕ್ಕಾಡಿನಿಂದ ಕೆಳಗಿನವರಿಗೆ ಇದ್ದ ಕಷ್ಟ ನಮಗೆ ಅಷ್ಟು ತಟ್ಟಲಿಲ್ಲ. ನಿಜವಾಗಿ ಕಷ್ಟ ಆದದ್ದು ಬಾರಿನಲ್ಲಿ ಕೆಲಸಕ್ಕಿದ್ದವರಿಗೆ, ಮತ್ತೆ ರಾತ್ರಿ ಗಡಿಯಿಂದ ಅಮಲಿನಲ್ಲಿ ಬೈಕ್ ಓಡಿಸಿಕೊಂಡು ಬರುವ ಗಂಡಸಿಗಾಗಿ ಕಾಯುವ ಮನೆಯವರಿಗೆ. ಪಾನಮುಕ್ತ ಕೇರಳ ಅನ್ನುವ ಮಾತನ್ನು ಗಡಿಯಿಂದ ಹತ್ತು ಕಿಲೋಮೀಟರ್ ಒಳಗೆ ಯಾರೂ ನಂಬಲಿಲ್ಲ. 2016ರಲ್ಲಿ ಸರ್ಕಾರ ಬದಲಾಯಿತು, 2017ರ ಜುಲೈಯಿಂದ ತ್ರೀ ಸ್ಟಾರ್ ಮತ್ತು ಮೇಲಿನವರಿಗೆ ಬಾರ್ ವಾಪಸ್ ಬಂತು.

ಅದೇ 2017ರಲ್ಲಿ ಮತ್ತೊಂದು ಪೆಟ್ಟು ಬಿತ್ತು, ಇದು ಗಡಿಯ ಎರಡೂ ಕಡೆಗೆ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದ್ದು ಆಗ ಜಾರಿಗೆ ಬಂತು. ಇಪ್ಪತ್ತು ಸಾವಿರಕ್ಕಿಂತ ಕಮ್ಮಿ ಜನ ಇರುವ ಊರಿಗೆ 220 ಮೀಟರ್. ನಮ್ಮ ಕರಾವಳಿಯ ನಕ್ಷೆ ನೋಡಿ: ಒಂದು ಕಡೆ ಸಮುದ್ರ, ನಡುವೆ ರೈಲು, ಪಕ್ಕದಲ್ಲೇ ಹೆದ್ದಾರಿ 66. ಪೇಟೆಗಳೆಲ್ಲ ಹೆದ್ದಾರಿಗೇ ಅಂಟಿಕೊಂಡಿವೆ. 500 ಮೀಟರ್ ಹಿಂದೆ ಹೋದರೆ ಕೆಲವು ಕಡೆ ಮೀನುಗಾರರ ಮನೆ, ಇನ್ನು ಕೆಲವು ಕಡೆ ಸಮುದ್ರವೇ. ಎರ್ನಾಕುಳಂ ಜಿಲ್ಲೆಯ ಉತ್ತರ ಪರವೂರಿನ ಒಂದು ಬಾರಿನವರು ತಮ್ಮ ಜಾಗದಲ್ಲಿ ಗೋಡೆ ಮೇಲೆ ಗೋಡೆ ಕಟ್ಟಿ, ಸುತ್ತಿ ಸುತ್ತಿ ನಡೆಯುವ ದಾರಿ ಮಾಡಿ, ದೂರ ಭರ್ತಿ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆಮೇಲೆ ನಗರಸಭೆ ವ್ಯಾಪ್ತಿಗೆ ಇದು ಅನ್ವಯಿಸುವುದಿಲ್ಲ ಅಂತ ಕೋರ್ಟೇ ಸಡಿಲ ಮಾಡಿತು.

ಶಾಲೆ, ದೇವಸ್ಥಾನ, ಮಸೀದಿಯಿಂದ ಎಷ್ಟು ದೂರ ಅನ್ನುವುದೂ ಬೇರೆ ಬೇರೆ. ಕರ್ನಾಟಕದಲ್ಲಿ 100 ಮೀಟರ್. ಕೇರಳದಲ್ಲಿ ತ್ರೀ ಸ್ಟಾರ್ ಬಾರಿಗೆ 200 ಮೀಟರ್, ಫೋರ್ ಸ್ಟಾರ್ ಮತ್ತು ಮೇಲಿನದ್ದಕ್ಕೆ 50 ಮೀಟರ್ ಸಾಕು. ಸ್ಟಾರ್ ಜಾಸ್ತಿ ಆದ ಹಾಗೆ ದೇವರಿಗೆ ಹತ್ತಿರ.

ಕಳ್ಳಿನ ಕಥೆ ಬೇರೆ. ಕೇರಳದಲ್ಲಿ ಕಳ್ಳಿನ ಅಂಗಡಿಗೆ ಸ್ಟಾರ್ ಬೇಡ, ಕೋಣೆ ಬೇಡ. ಹಂಚಿನ ಮಾಡು, ಬೆಂಚು, ಮರಗೆಣಸು, ಖಾರದ ಮೀನು ಸಾರು. ಊಟ ಮತ್ತು ಕುಡಿತ ಒಟ್ಟಿಗೆ ಸಿಗುವ ಜಾಗ ಹುಡುಕುತ್ತೀರಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ತೆಂಕಣ ಊರುಗಳಲ್ಲಿ ಮನೆಯವರೆಲ್ಲ ಕೂತು ತಿಂದು ಬರುವಂಥ ಕಳ್ಳಿನ ಅಂಗಡಿಗಳೂ ಉಂಟು. ನಮ್ಮ ತುಳು-ಕನ್ನಡದ ಕಡೆ ಹಿರಿಯರು ಇನ್ನೂ ಗಡಂಗು ಅಂತಲೇ ಹೇಳುವುದು, ಹೆಂಗಸರು ಆ ದಾರಿಯಲ್ಲಿ ಮುಖ ತಿರುಗಿಸಿಕೊಂಡೇ ಹೋಗುವುದು. ದಕ್ಷಿಣ ಕನ್ನಡದಲ್ಲಿ ಮೂರ್ತೆದಾರರ, ಅಂದರೆ ಕಳ್ಳು ಇಳಿಸುವವರ, ಸಹಕಾರಿ ಸಂಘಗಳಿವೆ. ಬಯಲುಸೀಮೆಯವರಾದ ನಿಮಗೆ ಅದೂ ಹೊಸತೇ ಇರಬಹುದು.

ವಯಸ್ಸಿನ ವಿಷಯವೂ ಹೇಳಿಬಿಡುತ್ತೇನೆ. ಕೇರಳದಲ್ಲಿ 2017ರ ಕೊನೆಗೆ ಕುಡಿಯುವ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು. ಮಂಗಳೂರಿನ ಬಾರುಗಳ ಬೋರ್ಡಿನಲ್ಲಿ 21 ಅಂತ ಇರುತ್ತದೆ. ಉಪ್ಪಳದಿಂದ ದೇರಳಕಟ್ಟೆಗೆ ಓದಲು ಹೋಗುವ 22ರ ಹುಡುಗ ಬೆಳಿಗ್ಗೆ ಗಡಿ ದಾಟಿದಾಗ ದೊಡ್ಡವನು, ಸಂಜೆ ಮನೆಗೆ ಬಂದಾಗ ಮಗು.

ಇನ್ನು ನೀವು ಕೇಳಿದ ಕೊನೆಯ ಪ್ರಶ್ನೆ. ಸ್ನೇಹಿತನ ಮೆಹಂದಿಗೆ ಬರುವಾಗ ಮಂಗಳೂರಿನಿಂದ ನಾಲ್ಕು ಬಾಟಲಿ ತರಬಹುದಾ ಅಂತ. ಬೇಡ. ಕರ್ನಾಟಕದ ಬಾಟಲಿಯ ಮೇಲೆ ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಅಂತ ಬರೆದಿರುತ್ತದೆ, ಅದು ಅಲಂಕಾರಕ್ಕಲ್ಲ. ಪರ್ಮಿಟ್ ಇಲ್ಲದೆ ಬೇರೆ ರಾಜ್ಯದ ಮದ್ಯ ಒಳಗೆ ತಂದರೆ ಅಬ್ಕಾರಿ ಕೇಸು. ಟೆಟ್ರಾ ಪ್ಯಾಕಿನ ಚೀಲ ಸಿಕ್ಕಿಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮಳೆ ಸುದ್ದಿಗಿಂತ ಜಾಸ್ತಿ ಬರುತ್ತದೆ. ನಿಮ್ಮ ಕಾರಿನ ನಂಬರ್ ಬೆಂಗಳೂರಿನದ್ದು, ಮಲಯಾಳ ಬೇರೆ ಬರುವುದಿಲ್ಲ. ಯಾಕೆ ಬೇಕು?

ಇಲ್ಲೇ ತೆಗೆದುಕೊಳ್ಳಿ. ಸರ್ಕಾರದ ಬೆವ್ಕೊ ಅಂಗಡಿ ಉಂಟು, ಯಾರನ್ನು ಕೇಳಿದರೂ ಬಿವರೇಜ್ ಅಂತ ತೋರಿಸುತ್ತಾರೆ. ಒಬ್ಬರು ಮೂರು ಲೀಟರ್ ಐಎಂಎಫ್‌ಎಲ್ (ಇಲ್ಲೇ ತಯಾರಾದ ವಿಸ್ಕಿ, ಬ್ರಾಂಡಿ, ರಮ್ಮಿನಂಥದ್ದು) ಇಟ್ಟುಕೊಳ್ಳಬಹುದು, ಬಿಲ್ಲು ಬಿಸಾಡಬೇಡಿ. ತೆರಿಗೆ ಜಾಸ್ತಿ, ಬೆಲೆ ನೋಡಿ ಬೈಯಬೇಡಿ, ಕ್ಯೂನಲ್ಲಿ ಎಲ್ಲರೂ ಬೈದುಕೊಂಡೇ ನಿಂತಿರುತ್ತಾರೆ. ತಾರೀಖು ಮಾತ್ರ ನೋಡಿಕೊಳ್ಳಿ. ಪ್ರತಿ ತಿಂಗಳು ಒಂದನೇ ತಾರೀಖು ಕೇರಳದಲ್ಲಿ ಡ್ರೈ ಡೇ. ಗಾಂಧಿ ಜಯಂತಿ, ಗುಡ್ ಫ್ರೈಡೇ, ನಾರಾಯಣ ಗುರುಗಳ ಜಯಂತಿ ಮತ್ತು ಸಮಾಧಿ ದಿನವೂ ಹಾಗೆಯೇ. 2025ರ ನೀತಿಯಲ್ಲಿ ಒಂದನೇ ತಾರೀಖಿಗೆ ಸ್ವಲ್ಪ ಸಡಿಲ ಕೊಟ್ಟಿದ್ದಾರೆ. ಅದು ಸ್ಟಾರ್ ಹೋಟೆಲಿನಲ್ಲಿ ನಡೆಯುವ ದೊಡ್ಡ ಮದುವೆ, ಕಾನ್ಫರೆನ್ಸುಗಳಿಗೆ, ಅಂಗಳದಲ್ಲಿ ಶಾಮಿಯಾನ ಹಾಕಿದ ಮೆಹಂದಿಗಲ್ಲ. ಮೆಹಂದಿ ಒಂದನೇ ತಾರೀಖಿಗೇ ಬಿದ್ದಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಹೋಗಿ ನಿಲ್ಲಿ. ಸಂಜೆಯ ಮೇಲೆ ಆ ಕ್ಯೂ ರಸ್ತೆಗೆ ಬಂದಿರುತ್ತದೆ.