ಫೇಸ್‌ಬುಕ್ ಖಾತೆಯನ್ನು ಶಾಶ್ವತವಾಗಿ ಅಳಿಸುವ ಮುನ್ನ ಫೋಟೋಗಳನ್ನು ಉಳಿಸಿಕೊಳ್ಳುವುದು ಹೇಗೆ?

ಬಹಳ ವರ್ಷಗಳಿಂದ ಬಳಸುತ್ತಿರುವ ಫೇಸ್‌ಬುಕ್ ಖಾತೆಯನ್ನು ಮುಚ್ಚಬೇಕೆಂದಿದ್ದೀರಿ. ಅದರಲ್ಲಿರುವ ಫೋಟೋಗಳನ್ನೆಲ್ಲ ಒಟ್ಟಿಗೆ ಪಡೆಯಬಹುದೇ, ಗೆಳೆಯರು ಟ್ಯಾಗ್ ಮಾಡಿದ ಚಿತ್ರಗಳೂ ಅವುಗಳೊಂದಿಗೆ ಬರುತ್ತವೆಯೇ, ಫೋಟೋಗಳ ಕೆಳಗೆ ಕನ್ನಡದಲ್ಲಿ ಬರೆದ ಸಾಲುಗಳು ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ಮೊದಲನೆಯ ಪ್ರಶ್ನೆಗೆ ಉತ್ತರ ಹೌದು, ಎರಡನೆಯದಕ್ಕೆ ಇಲ್ಲ, ಮೂರನೆಯದು ನೀವು ಯಾವ ರೂಪದಲ್ಲಿ ಕೇಳಿ ಪಡೆಯುತ್ತೀರಿ ಎಂಬುದನ್ನು ಅವಲಂಬಿಸಿದೆ. ನನ್ನ ಖಾತೆಯನ್ನೂ ಆಮೇಲೆ ಮನೆಯ ಹಿರಿಯರೊಬ್ಬರ ಖಾತೆಯನ್ನೂ ಮುಚ್ಚಿದಾಗ ಹೆಚ್ಚು ಹೊತ್ತು ಬೇಡಿದ್ದು ಎರಡನೆಯ ಸಂಗತಿಯೇ ಆದ್ದರಿಂದ, ಅಲ್ಲಿಂದಲೇ ಆರಂಭಿಸುತ್ತೇನೆ.

ಫೇಸ್‌ಬುಕ್ ನಿಮಗೆ ಹಿಂದಿರುಗಿಸುವುದು ನೀವು ಏರಿಸಿದ ಚಿತ್ರಗಳನ್ನು ಮಾತ್ರ. ನಿಮ್ಮ ಹೆಸರಿನ ಟ್ಯಾಗ್ ಇದ್ದರೂ, ಬೇರೆಯವರು ಏರಿಸಿದ ಫೋಟೋ ಅವರ ಖಾತೆಗೆ ಸೇರಿದ್ದು. ನಿಮ್ಮ ಡೌನ್‌ಲೋಡ್‌ನಲ್ಲಿ ಅದು ಬರುವುದಿಲ್ಲ. ಇದು ಸಣ್ಣ ವಿಷಯವಲ್ಲ, ಏಕೆಂದರೆ ಮದುವೆ, ಗೃಹಪ್ರವೇಶ, ಕಾಲೇಜಿನ ಪ್ರವಾಸ ಮುಂತಾದ ಸಂದರ್ಭಗಳಲ್ಲಿ ನಾವು ಕಾಣಿಸಿಕೊಂಡಿರುವ ಚಿತ್ರಗಳು ಬಹುಪಾಲು ಇತರರ ಆಲ್ಬಮ್‌ಗಳಲ್ಲೇ ಇರುತ್ತವೆ, ಮತ್ತು ನಮ್ಮ ಖಾತೆ ಅಳಿದ ಮೇಲೆ ಟ್ಯಾಗೂ ಹೋಗಿ, ಅವುಗಳನ್ನು ಹುಡುಕಿ ತಲುಪುವ ದಾರಿಯೇ ಇಲ್ಲದಂತಾಗುತ್ತದೆ. ಪ್ರೊಫೈಲ್‌ನ ಫೋಟೋ ವಿಭಾಗದಲ್ಲಿ ನೀವಿರುವ ಚಿತ್ರಗಳ ಪಟ್ಟಿ ಪ್ರತ್ಯೇಕವಾಗಿರುತ್ತದೆ. ಅದನ್ನು ತೆರೆದು, ಬೇಕಾದವುಗಳನ್ನು ಒಂದೊಂದಾಗಿ, ಮೂರು ಚುಕ್ಕಿಗಳ ಗುಂಡಿಯ ಮೂಲಕ ಇಳಿಸಿಕೊಳ್ಳಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಇನ್ನೂ ಒಳ್ಳೆಯ ಉಪಾಯವೆಂದರೆ ಚಿತ್ರ ತೆಗೆದವರನ್ನೇ ಕೇಳಿ ಮೂಲ ಕಡತವನ್ನು ಪಡೆಯುವುದು. ಫೇಸ್‌ಬುಕ್ ತಾನು ಸ್ವೀಕರಿಸಿದ ಫೋಟೋವನ್ನು ಕುಗ್ಗಿಸಿಯೇ ಇಟ್ಟುಕೊಂಡು ಬಂದಿದೆ; 720, 960, 2048 ಪಿಕ್ಸೆಲ್ ಅಗಲ ಎಂಬುವು ಅದು ತಾನೇ ಬಳಕೆದಾರರಿಗೆ ತಿಳಿಸಿರುವ ಅಳತೆಗಳು. 12 ಮೆಗಾಪಿಕ್ಸೆಲ್ ಫೋನು ತೆಗೆದ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲವಿರುವುದರಿಂದ, 2048ಕ್ಕೆ ಇಳಿಸಿದಾಗ ಉಳಿಯುವುದು ಅದರ ಕಾಲು ಭಾಗದಷ್ಟು ವಿವರ ಮಾತ್ರ. ಪರದೆಯ ಮೇಲೆ ಇದು ತಿಳಿಯುವುದಿಲ್ಲ. ಆದರೆ ಇಂಚಿಗೆ 300 ಚುಕ್ಕಿಗಳಂತೆ ಮುದ್ರಿಸಿದರೆ 2048 ಪಿಕ್ಸೆಲ್ ಚಿತ್ರ ಏಳು ಇಂಚನ್ನೂ ಮುಟ್ಟದು, 960ರದು ಮೂರು ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೋಡೆಗೆ ಹಾಕಬೇಕೆನ್ನುವಂತಹ ಚಿತ್ರಗಳಿದ್ದರೆ, ಫೇಸ್‌ಬುಕ್‌ನಲ್ಲಿರುವುದನ್ನು ಕೊನೆಯ ಆಸರೆಯೆಂದು ತಿಳಿದು, ಹಳೆಯ ಲ್ಯಾಪ್‌ಟಾಪ್, ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳನ್ನು ಮೊದಲು ಹುಡುಕಿ.

ಇನ್ನು ನೀವು ಏರಿಸಿದವುಗಳ ಮಾತು. ಈ ಕೆಲಸವನ್ನು ಸಾಧ್ಯವಾದರೆ ಫೋನಿನಲ್ಲಿ ಮಾಡದೆ ಸ್ವಂತ ಕಂಪ್ಯೂಟರಿನಲ್ಲಿ ಮಾಡಿ. ಸೈಬರ್ ಸೆಂಟರ್‌ನಲ್ಲಂತೂ ಬೇಡವೇ ಬೇಡ, ಏಕೆಂದರೆ ಇಳಿದುಬರುವ ಕಡತದಲ್ಲಿ ಫೋಟೋಗಳಷ್ಟೇ ಅಲ್ಲದೆ ನಿಮ್ಮ ಖಾಸಗಿ ಸಂದೇಶಗಳು, ಹುಡುಕಾಟಗಳು, ಲಾಗಿನ್ ಆದ ವಿವರಗಳೂ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್‌ಗೆ ಹೋಗಿ, ನಿಮ್ಮ ಮಾಹಿತಿ ಮತ್ತು ಅನುಮತಿಗಳಿಗೆ ಸಂಬಂಧಿಸಿದ ವಿಭಾಗವನ್ನು ತೆರೆದರೆ ಮಾಹಿತಿಯನ್ನು ಡೌನ್‌ಲೋಡ್ ಅಥವಾ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಸಿಗುತ್ತದೆ. ಅಲ್ಲಿ ಎಲ್ಲವನ್ನೂ ಕೇಳಬಹುದು, ಇಲ್ಲವೇ ಪೋಸ್ಟ್‌ಗಳನ್ನು ಮಾತ್ರ ಆರಿಸಬಹುದು. ಮೆಸೆಂಜರ್‌ನಲ್ಲಿ ಕಳುಹಿಸಿದ, ಬಂದ ಚಿತ್ರಗಳು ಬೇಕಿದ್ದರೆ ಸಂದೇಶಗಳನ್ನೂ ಗುರುತು ಮಾಡಬೇಕು. ಮುಖ್ಯವಾಗಿ ನೋಡಬೇಕಾದದ್ದು ದಿನಾಂಕದ ಅವಧಿ ಮತ್ತು ಚಿತ್ರದ ಗುಣಮಟ್ಟ. ಅವಧಿ ಮೊದಲೇ ಒಂದು ವರ್ಷವೆಂದು ಹೊಂದಿಕೊಂಡಿರಬಹುದು. ಅದನ್ನು ಆರಂಭದಿಂದ ಇಂದಿನವರೆಗೆ ಎಂದು ಬದಲಿಸದಿದ್ದರೆ ಹಳೆಯ ಫೋಟೋಗಳು ಬರುವುದೇ ಇಲ್ಲ, ಬರಲಿಲ್ಲವೆಂದು ಯಾರೂ ಎಚ್ಚರಿಸುವುದೂ ಇಲ್ಲ. ಗುಣಮಟ್ಟವನ್ನು ಹೈ ಎಂದೇ ಇಡಿ.

ಕೋರಿಕೆ ಸಲ್ಲಿಸಿದ ಮೇಲೆ ಕಡತ ಸಿದ್ಧವಾಗಲು ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಹಿಡಿಯಬಹುದು. ಸಿದ್ಧವಾದಾಗ ಇಮೇಲ್ ಬರುತ್ತದೆ, ಆದರೆ ಕಡತವನ್ನು ಇಳಿಸಿಕೊಳ್ಳಲು ಅವಕಾಶವಿರುವುದು 4 ದಿನ ಮಾತ್ರ. ದೊಡ್ಡ ಖಾತೆಯಾದರೆ ಹಲವು ಝಿಪ್ ಭಾಗಗಳಾಗಿ ಬರುತ್ತದೆ; ಎಲ್ಲವನ್ನೂ ಇಳಿಸಿ ಒಂದೇ ಫೋಲ್ಡರಿನಲ್ಲಿ ಬಿಚ್ಚಬೇಕು, ಇಲ್ಲವಾದರೆ ಪುಟ ಒಂದು ಭಾಗದಲ್ಲಿ, ಅದರ ಚಿತ್ರ ಇನ್ನೊಂದು ಭಾಗದಲ್ಲಿ ಉಳಿದು, ತೆರೆದಾಗ ಖಾಲಿ ಚೌಕಗಳು ಕಾಣುತ್ತವೆ.

ಕನ್ನಡದ ಸಾಲುಗಳ ಬಗ್ಗೆ ನೀವು ಕೇಳಿದ್ದು ಸರಿಯಾಗಿಯೇ ಇದೆ. ಫೇಸ್‌ಬುಕ್ ಎಚ್‌ಟಿಎಂಎಲ್ ಮತ್ತು ಜೇಸನ್ (ತಂತ್ರಾಂಶಗಳು ಓದಲು ಅನುಕೂಲವಾದ ಪಠ್ಯರೂಪ) ಎಂಬ ಎರಡು ರೂಪಗಳಲ್ಲಿ ಮಾಹಿತಿ ಕೊಡುತ್ತದೆ. ಎಚ್‌ಟಿಎಂಎಲ್ ಆರಿಸಿದರೆ ಬ್ರೌಸರಿನಲ್ಲಿ ಪುಟದಂತೆ ತೆರೆದುಕೊಂಡು, ಚಿತ್ರದ ಜೊತೆಗೆ ನೀವು ಬರೆದ ಕನ್ನಡವೂ ಏರಿಸಿದ ದಿನಾಂಕವೂ ಸರಿಯಾಗಿ ಕಾಣುತ್ತವೆ. ಜೇಸನ್ ತೆರೆದರೆ ಮಾತ್ರ ಕನ್ನಡದ ಬದಲಿಗೆ ತಲೆಯ ಮೇಲೆ ಗೀರುಗಳಿರುವ ಲ್ಯಾಟಿನ್ ಅಕ್ಷರಗಳ ಗೊಂದಲ ಎದುರಾಗುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಈ ಕಡತದಲ್ಲಿ ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರವೆಂಬಂತೆ ಬರೆದಿರುವುದರಿಂದ ಒಂದು ‘ಕ’ ಮೂರು ಚೂರಾಗುತ್ತದೆ. ಮಾಹಿತಿ ಕಳೆದುಹೋಗಿರುವುದಿಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತಿಳಿದವರು ಕೆಲವೇ ಸಾಲುಗಳಲ್ಲಿ ಸರಿಪಡಿಸಿಕೊಡಬಲ್ಲರು. ಆದರೂ ಓದುವುದಕ್ಕೆಂದು ಇಟ್ಟುಕೊಳ್ಳುವವರಿಗೆ ನನ್ನ ಸಲಹೆ ಎಚ್‌ಟಿಎಂಎಲ್. ಚಿತ್ರದ ಕೆಳಗೆ ಇತರರು ಬರೆದ ಕಾಮೆಂಟ್‌ಗಳೆಲ್ಲ ಬರುತ್ತವೆಂದು ನಂಬಿ ಕೂರಬೇಡಿ. ತೀರ ಬೇಕಾದ ಕೆಲವು ಪೋಸ್ಟ್‌ಗಳನ್ನು, ತೀರಿಕೊಂಡ ಅಜ್ಜಿಯ ಚಿತ್ರದ ಕೆಳಗೆ ಬಂಧುಗಳು ಬರೆದಂಥವುಗಳನ್ನು, ಬ್ರೌಸರಿನಿಂದಲೇ ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಹೀಗಿದ್ದೂ ಜೇಸನ್ ಪ್ರತಿಯನ್ನು ಇನ್ನೊಮ್ಮೆ ಪ್ರತ್ಯೇಕವಾಗಿ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು ಎನ್ನುತ್ತೇನೆ, ಏಕೆಂದರೆ ದಿನಾಂಕದ ಸಮಸ್ಯೆಯನ್ನು ಬಗೆಹರಿಸಲು ಅದೇ ಬೇಕು. ಕ್ಯಾಮೆರಾ ಚಿತ್ರದೊಳಗೆ ಬರೆದಿಟ್ಟ ಎಕ್ಸಿಫ್ ಮಾಹಿತಿಯನ್ನು, ಅಂದರೆ ತೆಗೆದ ದಿನ, ಗಂಟೆ, ಸ್ಥಳ ಇತ್ಯಾದಿಯನ್ನು, ಫೇಸ್‌ಬುಕ್ ಚಿತ್ರದಿಂದ ತೆಗೆದುಹಾಕುತ್ತದೆ. ಪರಿಣಾಮವಾಗಿ ಇಳಿಸಿಕೊಂಡ ಚಿತ್ರಗಳನ್ನು ಯಾವುದಾದರೂ ಫೋಟೋ ಆ್ಯಪ್‌ಗೆ ಹಾಕಿದಾಗ ಹದಿನೈದು ವರ್ಷದ ಬದುಕೆಲ್ಲ ಡೌನ್‌ಲೋಡ್ ಮಾಡಿದ ಒಂದೇ ದಿನಕ್ಕೆ ಬಂದು ಬೀಳಬಹುದು. ಜೇಸನ್‌ನಲ್ಲಿರುವ ದಿನಾಂಕವನ್ನು ಓದಿ ಚಿತ್ರದೊಳಗೆ ಮರಳಿ ಬರೆಯಲು ಎಕ್ಸಿಫ್‌ಟೂಲ್‌ನಂತಹ ಉಚಿತ ತಂತ್ರಾಂಶಗಳಿವೆ. ಸಾಮಾನ್ಯವಾಗಿ ಅಲ್ಲಿ ಸಿಗುವುದು ಏರಿಸಿದ ದಿನವೇ ಹೊರತು ಚಿತ್ರ ತೆಗೆದ ದಿನವಲ್ಲ ಎಂಬುದು ನೆನಪಿರಲಿ. 1985ರ ಕಪ್ಪುಬಿಳುಪು ಚಿತ್ರವನ್ನು 2013ರಲ್ಲಿ ಸ್ಕ್ಯಾನ್ ಮಾಡಿ ಏರಿಸಿದ್ದರೆ ಅದು 2013ರದೆಂದೇ ದಾಖಲಾಗಿರುತ್ತದೆ.

ಚಿತ್ರಗಳನ್ನು ನೇರವಾಗಿ ಗೂಗಲ್ ಫೋಟೋಸ್‌ಗೆ ಸಾಗಿಸುವ ವ್ಯವಸ್ಥೆಯನ್ನೂ ಫೇಸ್‌ಬುಕ್ 2019ರ ಡಿಸೆಂಬರಿನಲ್ಲಿ ಐರ್ಲೆಂಡಿನಲ್ಲಿ ಆರಂಭಿಸಿ, 2020ರಲ್ಲಿ ಜಗತ್ತಿಗೆಲ್ಲ ವಿಸ್ತರಿಸಿತು. ಅನುಕೂಲವೇನೋ ಇದೆ. ಆದರೆ 2021ರ ಜೂನ್ 1ರಿಂದ ಅಲ್ಲಿ ಏರಿಸುವ ಚಿತ್ರಗಳು ಜಿಮೇಲ್, ಡ್ರೈವ್ ಎಲ್ಲವೂ ಹಂಚಿಕೊಳ್ಳುವ 15 ಜಿಬಿ ಲೆಕ್ಕಕ್ಕೇ ಸೇರುತ್ತವೆ. ಅಲ್ಲದೆ ನಾನು ಇದನ್ನೊಂದನ್ನೇ ನೆಚ್ಚಲಾರೆ. ನಮ್ಮಲ್ಲಿ ಅನೇಕರು ಫೇಸ್‌ಬುಕ್‌ಗೆ ಬರುವ ಮೊದಲು ಗೂಗಲ್‌ನ ಆರ್ಕುಟ್‌ನಲ್ಲಿದ್ದವರು. ಅದು 2014ರ ಸೆಪ್ಟೆಂಬರ್ 30ರಂದು ಮುಚ್ಚಿದಾಗ ಫೋಟೋಗಳನ್ನು ಪಡೆಯಲು ಗೂಗಲ್ 2016ರ ಸೆಪ್ಟೆಂಬರ್‌ವರೆಗೆ ಕಾಲಾವಕಾಶ ಕೊಟ್ಟಿತ್ತು, ಆದರೂ ಹಳೆಯ ಪಾಸ್‌ವರ್ಡ್ ಮರೆತವರ ಚಿತ್ರಗಳು ಮರಳಲಿಲ್ಲ. ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲ್ 2ರಂದು ಸಾಮಾನ್ಯ ಬಳಕೆದಾರರಿಗೆ ಮುಚ್ಚಿತು. ಮನೆಯ ಹಾರ್ಡ್ ಡಿಸ್ಕಿನಲ್ಲೊಂದು ಪ್ರತಿ, ಬೇರೆ ಊರಿನಲ್ಲಿರುವ ತಮ್ಮನ ಅಥವಾ ಮಗಳ ಮನೆಯಲ್ಲಿ ಇನ್ನೊಂದು ಪ್ರತಿ, ಆಮೇಲೆ ಬೇಕಿದ್ದರೆ ಕ್ಲೌಡ್.

ಅಳಿಸುವ ಗುಂಡಿ ಒತ್ತುವ ಮುನ್ನ ಕಡತವನ್ನು ಬಿಚ್ಚಿ, ನೀವು ಖಾತೆ ತೆರೆದ ವರ್ಷದ ಚಿತ್ರ ಇದೆಯೇ, ವಿಡಿಯೋಗಳು ಓಡುತ್ತವೆಯೇ ಎಂದು ನೋಡಿ. ಡಿಆಕ್ಟಿವೇಟ್ ಮಾಡುವುದು ಬೇರೆ, ಡಿಲೀಟ್ ಮಾಡುವುದು ಬೇರೆ. ಮೊದಲನೆಯದರಲ್ಲಿ ಫೋಟೋಗಳು ಮರೆಯಾಗಿ ಕೂತಿರುತ್ತವೆ, ಎರಡನೆಯದರಲ್ಲಿ ಹೋಗುತ್ತವೆ. ನೀವೊಬ್ಬರೇ ನಿರ್ವಾಹಕರಾಗಿರುವ ಪುಟವಿದ್ದರೆ ಇನ್ನೊಬ್ಬರಿಗೆ ವಹಿಸಿಕೊಡಿ, ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದ ಇತರ ಆ್ಯಪ್‌ಗಳಿಗೆ ಬೇರೆ ಪಾಸ್‌ವರ್ಡ್ ಮಾಡಿಕೊಳ್ಳಿ. ನೀವು ಮೆಸೆಂಜರ್‌ನಲ್ಲಿ ಕಳುಹಿಸಿದ ಚಿತ್ರಗಳು ಪಡೆದವರ ಬಳಿ ಉಳಿದೇ ಇರುತ್ತವೆ. ಖಾತೆ ಅಳಿಸುವ ಕೋರಿಕೆ ಸಲ್ಲಿಸಿದ ನಂತರ 30 ದಿನಗಳೊಳಗೆ ಲಾಗಿನ್ ಆಗಿ ಅದನ್ನು ರದ್ದುಪಡಿಸಬಹುದು. ಆ ಅವಧಿ ಮುಗಿದ ಮೇಲೆ ಹಿಂದಿರುಗುವ ದಾರಿಯಿಲ್ಲ, ಅಳಿಸುವ ಕೆಲಸ ಆರಂಭವಾದಲ್ಲಿಂದ ನಿಮ್ಮ ಮಾಹಿತಿ ಅಳಿಯಲು 90 ದಿನಗಳವರೆಗೂ ಹಿಡಿಯಬಹುದು. ಟ್ಯಾಗ್ ಆದ ಚಿತ್ರವೊಂದು ಬಿಟ್ಟುಹೋಗಿದೆಯೆಂದು ಆ 30 ದಿನಗಳ ನಡುವೆ ನೆನಪಾದರೆ ಕೋರಿಕೆಯನ್ನು ರದ್ದುಮಾಡಿ, ಚಿತ್ರವನ್ನು ಇಳಿಸಿಕೊಂಡು, ಹೊಸದಾಗಿ ಕೋರಿಕೆ ಸಲ್ಲಿಸಿ. ಆಗ 30 ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.